ನೂರಾ ಒಂದಕ್ಕೆ ಫೋನು

ಮುನಿಯಲ್ಲಪ್ಪ ಸೇದಿ ಎಸೆದ ಬೀಡಿ ಪೂರ್ತಿ ಆರಿರಲಿಲ್ಲ. ಅದು ಹೋಗಿ ಬಿದ್ದದ್ದು ಅವನದೇ ಹುಲ್ಲಿನ ಬಣವೆಯ ಬುಡಕ್ಕೆ. ಆರ್.ಟಿ. ನಗರದಲ್ಲಿ ಸುತ್ತ ಮನೆಗಳೆದ್ದಿದ್ದರೂ ಅವನ ಬಣವೆ, ಅದಕ್ಕೆ ಒರಗಿದ್ದ ತೆಂಗಿನ ಗರಿಯ ಕೊಟ್ಟಿಗೆ, ಒಳಗಿನ ಎರಡು ಎಮ್ಮೆ ಮಾತ್ರ ಇನ್ನೂ ಊರು ಹಳ್ಳಿಯೆಂದೇ ನಂಬಿಕೊಂಡಿದ್ದವು.

ಬಸ್ ಕಂಡಕ್ಟರ್ ತಾಜುದ್ದೀನನಿಗೆ ಅಂದು ವಾರದ ರಜೆ. ಹಾಲಿಗೆಂದು ತಂಬಿಗೆ ಹಿಡಿದು ಬಂದವನಿಗೆ ಹೊಗೆ ಕಂಡಿತು.

"ಕಂಡಕ್ಟ್ರೇ, ಫೈರ್ ಇಂಜಿನ್‌ಗೆ ಫೋನ್ ಮಾಡ್ರೀ! ನಾನು ಎಮ್ಮೆ ಬಿಚ್ತೀನಿ!" ಎಂದು ಮುನಿಯಲ್ಲಪ್ಪ ಒಳಗೆ ನುಗ್ಗಿದ.

ದಿನವಿಡೀ ಬಸ್ಸಿನಲ್ಲಿ "ಮುಂದೆ ಹೋಗ್ರೀ" ಎಂದು ಅರಚುವ ತಾಜುದ್ದೀನ್ ಹುಟ್ಟಿದಾಗಿನಿಂದ ಫೋನ್ ಮುಟ್ಟಿದವನಲ್ಲ. ಆ ಬೀದಿಗೆಲ್ಲ ಇದ್ದದ್ದು ಒಂದೇ ಫೋನು, ರಿಟೈರಾದ ಟೀಚರ್ ಅಂಜನಮ್ಮನವರ ಮನೆಯಲ್ಲಿ. ಅವನು ಓಡಿದ. ಹಿಂದೆಯೇ ಸೈಕಲ್ ಶಾಪಿನ ಖುದ್ದೂಸ್ ಸಲಹೆ ಕೊಡಲು ಓಡಿದ.

ಫೋನು ಕಸೂತಿ ಹಾಕಿದ ಬಟ್ಟೆ ಹೊದ್ದು ಮದುಮಗಳಂತೆ ಕೂತಿತ್ತು. ಬಟ್ಟೆ ತೆಗೆದರೆ ಡಯಲಿಗೆ ಬೀಗ.

"ಬಂದೋರೆಲ್ಲ ಮಾತಾಡಿಬಿಡ್ತಾರೆ ಅಂತ ಹಾಕಿದೀನಪ್ಪ," ಎಂದು ಅಂಜನಮ್ಮ ಸೊಂಟದ ಗೊಂಚಲಿನಿಂದ ಒಂದೊಂದೇ ಕೀಲಿ ಹಾಕಿ ನೋಡಿದರು. ಬೀರುವಿನದು, ಗೇಟಿನದು, ಎಂದೋ ಮಾರಿದ ಸೈಕಲ್ಲಿನದು. ಕಿಟಕಿಯಾಚೆ ಹೊಗೆ ದಪ್ಪವಾಗುತ್ತಿತ್ತು.

ಬೀಗ ಬಿಚ್ಚಿತು. "ನೂರು ತಿರುಗ್ಸು ಗುರು," ಎಂದ ಖುದ್ದೂಸ್.

ತಾಜುದ್ದೀನ್ ತಿರುಗಿಸಿದ. "ಬೆಂಕಿ ಸಾರ್!"

"ಇದು ಪೊಲೀಸು ಕಣ್ರೀ. ಬೆಂಕಿ ಹಚ್ಚಿದೋರು ಯಾರು?"

"ನಾನಲ್ಲ ಸಾರ್!"

"ನಿಮ್ಮನ್ನ ಯಾರು ಕೇಳಿದ್ರು? ಬೆಂಕಿ ಆರ್ಸೋಕೆ ನೂರಾ ಒಂದು."

ನೂರಾ ಒಂದಕ್ಕೆ ತಿರುಗಿಸಿದ. ಆ ಕಡೆಯಿಂದ "ಹಲೋ" ಬಂದದ್ದೇ ತಡ, ಕೊನೆಯ ಸೀಟಿಗೂ ಕೇಳಿಸುವ ದನಿಯಲ್ಲಿ "ಬೆಂಕಿ ಬಿದ್ದಿದೆ, ಬೇಗ ಬನ್ನಿ!" ಎಂದು ಕೂಗಿ, ರಿಸೀವರ್ ಇಟ್ಟು, ಬೆವರು ಒರೆಸಿಕೊಂಡ.

"ಎಲ್ಲಿಗೆ ಬರಬೇಕು ಅಂತ ಹೇಳಿದ್ರಾ?" ಎಂದರು ಅಂಜನಮ್ಮ.

ತಾಜುದ್ದೀನ್ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಮತ್ತೆ ರಿಸೀವರ್ ಎತ್ತಿಕೊಂಡ.

"ಹೆದರಬೇಡಿ. ಹೆಸರು ಹೇಳಿ, ವಿಳಾಸ ಹೇಳಿ. ಅವರು ಕೇಳಿದ್ದಕ್ಕೆಲ್ಲ ಬಿಡಿಸಿ ಬಿಡಿಸಿ ಉತ್ತರ ಕೊಡಿ. ಅವರು ಇಡೋ ತನಕ ನೀವು ಇಡಬೇಡಿ."

ಈ ಸಲ ತಾಜುದ್ದೀನ್ ನೆಟ್ಟಗೆ ನಿಂತು ಮಾತಾಡಿದ. ಹೆಸರು ಕೇಳಿದರು, ಹೇಳಿದ. ಮನೆ ನಂಬರ್ ಕೇಳಿದರು, ತಡವರಿಸದೆ ಹೇಳಿದ. ಯಾವ ಅಡ್ಡರಸ್ತೆ, ಪಕ್ಕದಲ್ಲಿ ಏನಿದೆ, ದೊಡ್ಡ ಗಾಡಿ ಒಳಗೆ ಬರುತ್ತದೆಯೇ, ಎಲ್ಲಕ್ಕೂ ಉತ್ತರ ಕೊಟ್ಟ. ಅಂಜನಮ್ಮ ಕಣ್ಣು ಮುಚ್ಚಿ ಪಾಠ ಒಪ್ಪಿಸಿಕೊಳ್ಳುವಂತೆ ತಲೆದೂಗುತ್ತಿದ್ದರು.

"ಉಚ್ಚಾರ ಚೆನ್ನಾಗಿತ್ತು," ಎಂದು ಮೆಚ್ಚಿ, ಫೋನಿಗೆ ಮತ್ತೆ ಬೀಗ ಹಾಕಿದರು.

ಅವನು ಓಡಿ ಬರುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಕೆಟ್ಟು, ಕೊಡ ಹಿಡಿದು ಬೋರಿಂಗಿನಿಂದ ಬಣವೆಯವರೆಗೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅವನ ಹೆಂಡತಿ ಶಹರ್ಬಾನು. ಒಂದು ಎಮ್ಮೆ ಹೊರಗಿತ್ತು. ಇನ್ನೊಂದನ್ನು ಮುನಿಯಲ್ಲಪ್ಪ "ಬಾರೇ ನಮ್ಮವ್ವ" ಎಂದು ಗೋಗರೆಯುತ್ತಿದ್ದ. ತಾಜುದ್ದೀನ್ ಅದರ ಹಿಂದೆ ನಿಂತು "ಮುಂದೆ ಹೋಗ್ರೀ!" ಎಂದು ಅರಚಿದ. ಎಮ್ಮೆ ಹೊರಟೇಬಿಟ್ಟಿತು.

ಅರ್ಧ ಬಣವೆ ಹೋಯಿತು, ಕೊಟ್ಟಿಗೆ ಉಳಿಯಿತು. ಮುನಿಯಲ್ಲಪ್ಪ ಕಂಡಕ್ಟರನ ಎರಡೂ ಕೈ ಹಿಡಿದು ಅತ್ತ.

ಅಷ್ಟರಲ್ಲಿ ಗಂಟೆ ಬಾರಿಸುತ್ತ ಫೈರ್ ಇಂಜಿನ್ ಬಂದ ಸದ್ದಾಯಿತು. ಎಲ್ಲರೂ ದಾರಿ ಬಿಟ್ಟು ನಿಂತರು. ಗಂಟೆ ಹತ್ತಿರ ಬಂತು, ಆಮೇಲೆ ಹಿಂದಿನ ರಸ್ತೆಯಲ್ಲಿ ನಿಂತೇಹೋಯಿತು.

"ಅಲ್ಯಾರ ಮನೆಗೆ ಬೆಂಕಿ ಬಿತ್ತೋ ಪಾಪ," ಎಂದಳು ಶಹರ್ಬಾನು.

ಬಕೆಟ್ ಹಿಡಿದವರೆಲ್ಲ ಅತ್ತ ಓಡಿದರು. ಕೆಂಪು ಗಾಡಿ ತಾಜುದ್ದೀನನ ಮನೆಯ ಮುಂದೆ ನಿಂತಿತ್ತು. ಬಾಗಿಲ ಬೀಗ ಒಡೆದಿತ್ತು. ಹಾಸಿಗೆ, ಅಕ್ಕಿ ಮೂಟೆ, ಗೂಟಕ್ಕೆ ನೇತುಹಾಕಿದ್ದ ಯೂನಿಫಾರಂ, ಎಲ್ಲದರಿಂದಲೂ ನೀರು ಇಳಿಯುತ್ತಿತ್ತು.

"ನೀರು ಕಾಯ್ಲಿ ಅಂತ ಹಾಕಿದ್ದ ಬಚ್ಚಲ ಒಲೆ ಉರಿ ಬಿಟ್ರೆ ಇಲ್ಲಿ ಬೆಂಕೀನೇ ಇರ್ಲಿಲ್ವಲ್ಲ!" ಎಂದು ಶಹರ್ಬಾನು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಇಲ್ಲಿಗೆ ಬನ್ನಿ ಅಂತ ಇವರಿಗೆ ಹೇಳ್ದೋರು ಯಾರು?"

ತಾಜುದ್ದೀನನಿಗೆ ಆಗ ಹೊಳೆಯಿತು. ಬಣವೆಗೆ ಮನೆ ನಂಬರ್ ಇರಲಿಲ್ಲ. ಕೇಳಿದಾಗ ಬಾಯಿಗೆ ಬಂದದ್ದು ಅವನಿಗೆ ಗೊತ್ತಿದ್ದ ಒಂದೇ ನಂಬರು.

ಅವನು ಮೆಲ್ಲಗೆ ಗುಂಪಿನ ಹಿಂದೆ ಸರಿದ. ಅಷ್ಟರಲ್ಲಿ ಫೈರ್ ಆಫೀಸರು ಹೆಲ್ಮೆಟ್ ತೆಗೆದು ಗಟ್ಟಿಯಾಗಿ ಕೇಳಿದರು: "ಹೆಂಚಿನ ಸಂದೀಲಿ ಹೊಗೆ ಬರ್ತಿತ್ತು ಕಣ್ರೀ, ಒಂದ್ ಚೂರು ತಡ ಆಗಿದ್ರೂ ಕಷ್ಟ ಇತ್ತು. ಅಡ್ರೆಸ್ ಇಷ್ಟು ಸರಿಯಾಗಿ ಹೇಳಿದ ಪುಣ್ಯಾತ್ಮ ಯಾರು?"

"ಇವ್ರೇ ಸಾರ್, ಇವ್ರೇ!" ಎಂದು ಖುದ್ದೂಸ್ ಅಭಿಮಾನದಿಂದ ತಾಜುದ್ದೀನನನ್ನು ಮುಂದಕ್ಕೆ, ನೇರವಾಗಿ ಶಹರ್ಬಾನುವಿನ ಎದುರಿಗೆ ತಳ್ಳಿದ.

ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬಳು ತಟ್ಟಲಿಲ್ಲ.