ಅಜ್ಜಿಯ ಕೊನೆಯ ಮಾತು, ಅಜ್ಜನ ಪಾಪ

ಬೇರೆಯವರ ಮನೆಗೆ ಸಾವು ಬಂದರೆ ಅಳಿಸಿ ಹೋಗುತ್ತದೆ. ನಮ್ಮ ಮನೆಗೆ ಬಂದರೆ ಏನಾದರೊಂದು ಎಡವಟ್ಟು ಮಾಡಿಯೇ ಹೋಗುತ್ತದೆ. ಅಳಲು ಕೂತವರಿಗೆ ನಗು, ನಕ್ಕವರಿಗೆ ಪೆಟ್ಟು. ಪೆಟ್ಟು ತಿಂದವನು ಹೆಚ್ಚಾಗಿ ನಾನೇ ಆದ್ದರಿಂದ ಹೇಳುವ ಹಕ್ಕೂ ನನ್ನದೇ.

೧. ಜಪ

ಇಡೀ ಕೊಡಗು ರಾಜ್ಯವನ್ನು ಆಳಲು ಮಡಿಕೇರಿಯಲ್ಲಿ ಇಬ್ಬರು ಮಂತ್ರಿಗಳು ಬೇಕು. ಬಿಟ್ಟಂಗಾಲದ ನಮ್ಮ ಮನೆಗೆ ಅಜ್ಜ ಒಬ್ಬರೇ ಸಾಕು. ಗದ್ದೆ ಕೆಸರಲ್ಲಿ ಬೆಳೆದವರು, ಆದರೆ ಒಂದು ಭಾನುವಾರವೂ ಇಗರ್ಜಿ ತಪ್ಪಿಸಿದವರಲ್ಲ. ಸಂಜೆ ಮನೆಮಂದಿಯನ್ನೆಲ್ಲ ಮೊಣಕಾಲೂರಿಸಿ ಜಪಮಾಲೆ ಹಿಡಿಯುತ್ತಾರೆ. ದೇವರೂ ದನವೂ ಒಂದೇ ಉಸಿರಲ್ಲಿ.

"ನಮೋ ಮರಿಯಾ, ಪ್ರಸಾದಪೂರ್ಣಳೇ... ಕರು ಕಟ್ಟಿದ್ಯಾ?"

ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಕಟ್ಟಿದ್ದೀನಿ. ಸಂತ ಮರಿಯಾ, ದೇವಮಾತೆಯೇ..."

ಹೋದ ವರ್ಷ ಈಸ್ಟರ್ ಕಳೆದ ಮೇಲೆ ಅಜ್ಜಿಗೆ ಜ್ವರ ಏರಿತು. ಪಾದ್ರಿಗಳು ಬಂದು ಕೊನೆಯ ಎಣ್ಣೆ ಹಚ್ಚಿ ಹೋದರು. ಆ ಸಂಜೆ ಹಾಸಿಗೆಯ ಸುತ್ತ ಜಪ. ಅಜ್ಜ ಅಜ್ಜಿಯ ಮುಖ ನೋಡುತ್ತಲೇ ಮಣಿ ಎಣಿಸುತ್ತಿದ್ದರು. ಆದರೂ ನಲವತ್ತು ವರ್ಷದ ಅಭ್ಯಾಸ ಬಿಟ್ಟೀತೆ? ನಡುವೆ "ಕರು ಕಟ್ಟಿದ್ಯಾ?" ಬಾಯಿಂದ ಬಂದೇಬಿಟ್ಟಿತು.

ಎರಡು ದಿನದಿಂದ ಮಾತಾಡದಿದ್ದ ಅಜ್ಜಿ ಕಣ್ಣು ತೆರೆದರು. "ಇವತ್ತು ನೀವೇ ಕಟ್ಟಿ" ಎಂದರು. ಹೋಗಿಬಿಟ್ಟರು.

೨. ಒಂದು ಸುಳ್ಳು

ಮಣ್ಣು ಮಾಡುವ ದಿನ ಪಾದ್ರಿಗಳು ಕೇಳಿದರು, "ಕೊನೆಗೆ ಏನಾದರೂ ಹೇಳಿದರಾ?"

ಅಜ್ಜ ನನ್ನ ಮುಖ ನೋಡಿದರು. ನಾನು ಮಾಡಿನ ಹಂಚು ನೋಡಿದೆ.

"'ಯೇಸುವೇ' ಅಂದಳು, ಸ್ವಾಮಿ."

ಸ್ವಲ್ಪ ಹೊತ್ತಿಗೆಲ್ಲ ಆ ಮಾತು ಪಾದ್ರಿಗಳ ಪ್ರವಚನಕ್ಕೆ ಏರಿತು. "ಓದಿಲ್ಲ, ಬರೆದಿಲ್ಲ, ಯೇಸುವಿನ ಹೆಸರು ಹೇಳುತ್ತಾ ಪ್ರಾಣ ಬಿಟ್ಟಳು ಈ ತಾಯಿ! ನೀವು?" ಹೆಂಗಸರೆಲ್ಲ ಗೊಳೋ ಎಂದರು. ಅಜ್ಜ ಅವರಿಗಿಂತ ಜೋರಾಗಿ ಅತ್ತರು.

ಅಂದಿನಿಂದ ಅಜ್ಜ ಇಗರ್ಜಿಯಲ್ಲಿ ಪಾದ್ರಿಗಳು ಕೊಡುವ ಪ್ರಸಾದ ತೆಗೆದುಕೊಳ್ಳಲಿಲ್ಲ. ಹೆಣದ ಮುಂದೆ ಹೇಳಿದ ಸುಳ್ಳು. ಅದನ್ನು ಅದೇ ಪಾದ್ರಿಗಳ ಮುಂದೆ ಪಾಪನಿವೇದನೆಯಲ್ಲಿ ಹೇಳದೆ ಪ್ರಸಾದವಿಲ್ಲ, ಹೇಳಲು ಮುಖವಿಲ್ಲ.

"ಅಜ್ಜಿಗೆ ಒಳ್ಳೆ ಹೆಸರೇ ಬಂತಲ್ಲ ಅಜ್ಜ?" ಎಂದೆ.

"ಬಂತು ಮಾರಾಯ. ಮೇಲೆ ದೇವರು ಶಭಾಷ್ ಅಂದಾಗ 'ನಾನು ಹಾಗೆ ಹೇಳಲೇ ಇಲ್ಲ' ಅಂದುಬಿಟ್ಟರೆ? ಅವಳ ಬಾಯಿ ಸುಮ್ಮನಿರಲ್ಲ."

೩. ಗೋಡೆ

ಈಸ್ಟರ್ ಹೊತ್ತಿಗೆ ಪಾಪ ಹೇಳಿಕೊಂಡು ಪ್ರಸಾದ ತೆಗೆದುಕೊಳ್ಳದೆ ಸತ್ತವನಿಗೆ ಇಗರ್ಜಿಯ ಸ್ಮಶಾನದೊಳಗೆ ಜಾಗವಿಲ್ಲ. ಗೋಡೆಯಾಚೆ, ಲಾಂಟಾನ ಪೊದೆಯ ನಡುವೆ ಹೂಳುತ್ತಾರೆ. ಅಜ್ಜ ಒಂದು ದಿನ ಅಜ್ಜಿಯ ಗೋರಿಯಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದರು.

"ಇಷ್ಟು ದೂರ ಕಟ್ಟಿದರೆ ಕರು ಕೂಡ ಅರಚುತ್ತೆ" ಎಂದರು. ಆ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ.

೪. ಮಾಕುಟ್ಟ

ಅಜ್ಜ ಪ್ರಸಾದಕ್ಕೆ ಏಳದಿರುವುದನ್ನು ಊರು ಗಮನಿಸಿತು. "ಏನೋ, ಏನಂಥ ಪಾಪ ನಿಮ್ಮಜ್ಜಂದು?" ಎಂದು ಪಕ್ಕದ ಗದ್ದೆಯವರು ನನ್ನನ್ನು ಹಿಡಿದುಕೊಂಡರು.

ನಾನು ಸುತ್ತ ನೋಡಿ, ದನಿ ತಗ್ಗಿಸಿ, "ಹೇಳಬಾರದು ಅಂತ ಆಣೆ ಹಾಕಿಸಿದ್ದಾರೆ. ಮಾಕುಟ್ಟದ ಕಾಡು... ಇನ್ನು ಕೇಳಬೇಡಿ" ಎಂದೆ.

ಮುಂದಿನ ಭಾನುವಾರಕ್ಕೆ ಊರವರ ಬಾಯಲ್ಲಿ ಮಾಕುಟ್ಟದ ಕಾಡಲ್ಲಿ ಒಂದು ಹೆಣ ಬಿದ್ದಿತ್ತು. ಅದರ ಮುಂದಿನ ಭಾನುವಾರಕ್ಕೆ ಎರಡು. ಮನೆಗೆ ಸುದ್ದಿ ಮುಟ್ಟಿ ಅಪ್ಪ ನನಗೆ ಬೆತ್ತ ಮುರಿಯುವಂತೆ ಹೊಡೆದರು. ಆದರೆ ಪಕ್ಕದವರ ದನ ಮಾತ್ರ ಮತ್ತೆ ನಮ್ಮ ಗದ್ದೆಗೆ ನುಗ್ಗಲಿಲ್ಲ.

೫. ಮೂರು

ಈ ಸಲ ಈಸ್ಟರ್ ಹತ್ತಿರ ಬರುವಾಗ ಅಜ್ಜನ ಕೆಮ್ಮಿನಲ್ಲಿ ರಕ್ತ ಕಂಡಿತು. ಶನಿವಾರ ಬೆಳಿಗ್ಗೆ ನನ್ನ ಭುಜ ಹಿಡಿದುಕೊಂಡು ಇಗರ್ಜಿಗೆ ನಡೆದರು. ಪಾಪ ಹೇಳಿಕೊಳ್ಳಲು ನಿಂತಿದ್ದ ಉದ್ದ ಸಾಲು ಅವರನ್ನು ಕಂಡು ತಾನಾಗಿ ದಾರಿ ಬಿಟ್ಟಿತು.

ಪಾದ್ರಿಗಳು ಪಾಪ ಕೇಳಲು ಕೂತ ಪರದೆಯ ಗೂಡಿನ ಮುಂದೆ ಮೊಣಕಾಲೂರಿದವರು ಬೇಗನೆ ಎದ್ದು ಬಂದರು. ಮುಖ ಕೆಂಪು.

"ಪಾದ್ರಿಗಳು ಬೈದರಾ ಅಜ್ಜ?"

"ಬೈಲಿಲ್ಲ. ಪ್ರಾಯಶ್ಚಿತ್ತ ಮೂರು ಅಂದರು."

"ಮೂರು ಜಪಮಾಲೆಯಾ?"

"ಮೂರೇ ಮೂರು ನಮೋ ಮರಿಯಾ!"

ಎಂದವರೇ ತಿರುಗಿ ಹೋಗಿ, ಗೂಡಿನ ಪರದೆಗೆ ಮುಖವಿಟ್ಟರು. "ಸ್ವಾಮಿ, ಹನ್ನೊಂದು ತಿಂಗಳು ಬೆಂದಿದ್ದೀನಿ. ಮೂರು ಸಾಲದು. ಮೂವತ್ತಾದರೂ ಹಾಕಿ."

"ಕ್ಷಮೆ ಸಿಕ್ಕಿತಲ್ಲಪ್ಪ, ಹೋಗು."

"ಆಗಲ್ಲ ಸ್ವಾಮಿ. ಹೆಂಡತಿ ಪಕ್ಕ ಮಲಗೋ ವಿಷಯ. ಕಡಿಮೆ ಬಿತ್ತು ಅಂತ ಆಮೇಲೆ ಅಗೆದು ತೆಗೆದು ಆಚೆ ಹಾಕಿದರೆ?"

ಪರದೆ ಸರ್ರನೆ ಸರಿಯಿತು. ಪಾದ್ರಿಗಳ ತಲೆ ಹೊರಗೆ ಬಂತು. ಇಡೀ ಸಾಲಿಗೆ ಕೇಳುವಂತೆ ಕೂಗಿದರು:

"ನಿನ್ನ ಪಾಪಕ್ಕೆ ಅಷ್ಟೇ ಕಣಯ್ಯಾ! ಹೆಚ್ಚು ಬೇಕಿದ್ದರೆ ಹೋಗಿ ದೊಡ್ಡದೊಂದು ಮಾಡಿಕೊಂಡು ಬಾ!"