ಕಾಗದದ ಗುಂಡಿಗೆ ಆಯುಧಪೂಜೆ

"ಆಯುಧಪೂಜೆ ಮುಗಿಯೋದ್ರೊಳಗೆ ಇದು ಒಂದೇ ಒಂದ್ಸಲ ಸುಳ್ಳು ಕೂಗಿದ್ರೂ ಊಟದ ಮೇಜು ನಿನಗೆ ಬಿಟ್ಟುಕೊಡ್ತೀನಿ!" ಎಂದು ಸಿದ್ದಲಿಂಗಸ್ವಾಮಿ ಹೆಂಡತಿ ಸುಷ್ಮಾಳಿಗೆ ಮಾತು ಕೊಟ್ಟ.

ಅದು ಸಣ್ಣ ಮಾತಲ್ಲ! ಬನ್ನಿಮಂಟಪದ ಆ ಮನೆಯಲ್ಲಿ ಮೂರು ತಿಂಗಳಿಂದ ಊಟದ ಮೇಜೇ ಪ್ರಯೋಗಶಾಲೆ. ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಸ್ವಾಮಿ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವನ ತಾಯಿ ಪುಟ್ಟಬಸಮ್ಮನವರಿಗೆ ಬೆರಳ ಗಂಟು ನೋವು, ಕಾಲಿಂಗ್ ಬೆಲ್ ಒತ್ತಲಾಗದು. ಅದಕ್ಕೇ ಒತ್ತುವುದೇ ಬೇಡದ, ಸೋಕಿದರೆ ಸಾಕೆನ್ನುವ ಗುಂಡಿ! ಊದುಬತ್ತಿ ಪೆಟ್ಟಿಗೆಯ ಬೆಳ್ಳಿ ಕಾಗದ ಕತ್ತರಿಸಿ, ರಟ್ಟಿನ ಮೇಲೆ ಒಂದರ ಕೆಳಗೊಂದು ಮೂರು ಪಟ್ಟಿ ಅಂಟಿಸಿದ್ದ: ನೀರು, ಕಾಫಿ, ಬಾ. ಬೆರಳು ತಾಕಿದರೆ ಅಡುಗೆಮನೆಯ ಪುಟ್ಟ ಸ್ಪೀಕರ್ ಸ್ವಾಮಿಯ ದನಿಯಲ್ಲೇ ಕೂಗುತ್ತಿತ್ತು. ಬೆರಳು ಎತ್ತದಿದ್ದರೆ ಐದೈದು ನಿಮಿಷಕ್ಕೆ ಮತ್ತೆ ಕೂಗಬೇಕೆಂಬ ನಿಯಮವೂ ಅವನದೇ.

"ಒಂದು ಹಿತ್ತಾಳೆ ಗಂಟೆ ಕೊಟ್ಟಿದ್ರೆ ಆಗ್ತಿರ್ಲಿಲ್ವೇನ್ರೀ?" ಎಂದಳು ಸುಷ್ಮಾ.

"ಕಾಫಿ ಬೇಕೋ ನೀರು ಬೇಕೋ ಅಂತ ಗಂಟೆ ಹೇಳುತ್ತೇನೆ?"

ಏಳು ದಿನ ಒಂದೂ ತಪ್ಪಿಲ್ಲ. ಎಂಟನೆಯ ದಿನವೇ ಆಯುಧಪೂಜೆ. ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಪೂಜೆಯಾಯಿತು. ಸ್ವಾಮಿ ಮೀಸೆಯಲ್ಲೇ ನಗುತ್ತಿದ್ದಾಗ ಸ್ಪೀಕರ್ ಗರ್ಜಿಸಿತು: "ನೀರು! ಕಾಫಿ! ಬಾ!"

ಎರಡು ಕೈಯಲ್ಲಿ ಎರಡು ಲೋಟ ಹಿಡಿದು ಓಡಿದ. ಐದು ನಿಮಿಷಕ್ಕೆ ಮತ್ತೆ ಕೂಗು, ಮತ್ತೆ ಓಟ. ನಾಲ್ಕು ಲೋಟ ಕಾಫಿ ಹೋಯಿತು. ತಂದದ್ದನ್ನು ಪುಟ್ಟಬಸಮ್ಮ ಒಮ್ಮೆಯೂ ಬೇಡವೆನ್ನಲಿಲ್ಲ.

ಸ್ವಾಮಿ ಕ್ರಮವಾಗಿ ಪರೀಕ್ಷೆಗಿಳಿದ. ಬ್ಯಾಟರಿ ಸರಿ, ತಂತಿ ಸರಿ, ಪ್ರೋಗ್ರಾಂ ಸರಿ. ಕೊನೆಗೆ ರಟ್ಟಿನ ಮೇಲಿದ್ದ ಸೇವಂತಿಗೆ ಹಾರ ಸರಿಸಿ ನೋಡಿದ. ಮೂರು ಬೆರಳಲ್ಲಿ ಎಳೆದ ಒದ್ದೆ ವಿಭೂತಿ, ಪಟ್ಟಿಗೊಂದರಂತೆ ಅಳತೆ ತೆಗೆದ ಹಾಗೆ ಕೂತಿತ್ತು!

"ಅವ್ವ! ಒದ್ದೆ ವಿಭೂತಿ ಅಂದ್ರೆ ಇದಕ್ಕೆ ಬೆರಳು ಇಟ್ಟಂಗೇ ಕಣವ್ವ!"

"ಸ್ಕೂಟರಿಗೂ ಹಚ್ದೆನಲ್ಲಪ್ಪ, ಅದು ಕೂಗ್ಲಿಲ್ವಲ್ಲ?"

ಸುಷ್ಮಾ ಮೇಜಿನ ಮೇಲಿದ್ದ ತಂತಿಗಳನ್ನೆಲ್ಲ ಮೊರಕ್ಕೆ ತುಂಬಿ, ಮೇಜು ಒರೆಸಿ, ಒಬ್ಬಟ್ಟಿನ ತಟ್ಟೆಗಳನ್ನು ಸಾಲಾಗಿ ಇಟ್ಟಳು. ಸ್ವಾಮಿ ತೆಪ್ಪಗೆ ಕುರ್ಚಿ ಎಳೆದುಕೊಂಡ. ಒಪ್ಪಲೇಬೇಕು, ಮೇಜಿನ ಮೇಲೆ ಒಬ್ಬಟ್ಟು ತಿನ್ನುವುದು ಸುಖವೇ.

ವಿಭೂತಿ ಒರೆಸಿ, ಕಾಗದವನ್ನು ಫ್ಯಾನಿನ ಕೆಳಗೆ ಒಣಗಿಸಿ ಅವ್ವನ ಪಕ್ಕಕ್ಕಿಟ್ಟ. ಮರುದಿನ ಬೆಳಿಗ್ಗೆ ಅವನು ನೆಲದ ಮೇಲೆ ಮೊರದ ಮುಂದೆ ಕೂತಿದ್ದಾಗ ಸ್ಪೀಕರ್ ಕೂಗಿತು: "ಕಾಫಿ!" ಕೊಟ್ಟುಬಂದ ಐದು ನಿಮಿಷಕ್ಕೆ ಮತ್ತೆ: "ಕಾಫಿ!"

ಸ್ವಾಮಿ ಮೀಟರ್ ಹಿಡಿದು ಓಡಿದ. ನಡುವಿನ ಪಟ್ಟಿಯ ಮೇಲೆ ಮಾತ್ರ ಒಂದೇ ಒಂದು ಗೆರೆ ವಿಭೂತಿ.

"ಅವ್ವ, ಹಬ್ಬ ಮುಗೀತಲ್ಲ! ಇದ್ಯಾವ ಪೂಜೆ?"

"ನಿನ್ನೆ ಮೂರಕ್ಕೂ ಹಚ್ಚಿ ತಪ್ಪು ಮಾಡ್ಬುಟ್ಟೆ ಕಣಪ್ಪ," ಎಂದರು ಪುಟ್ಟಬಸಮ್ಮ, ಲೋಟ ಮುಂದೆ ಚಾಚಿ. "ಆ ನೀರು ಯಾರಿಗೆ ಬೇಕಿತ್ತು?"