ಚರ್ಚಿನ ತೋಟದ ಕಹಿ ಜುಕಿನಿ

"ಈ ವರ್ಷ ಬೀಜಕ್ಕೆ ಅಂತ ಅಂಗಡಿ ಮೆಟ್ಟಿಲು ಹತ್ತಿದರೆ ನನ್ನ ಹೆಸರು ಡೆಸ್ಮಂಡ್ ಅಲ್ಲ!"

"ಹಾಗಾದ್ರೆ ಏನಂತ ಕರೀಬೇಕು? ಅದನ್ನೂ ಈಗ್ಲೇ ಹೇಳ್ಬಿಡು" ಎಂದಳು ಹೆಂಡತಿ ಮೌರೀನ್, ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ.

ಡೆಸ್ಮಂಡ್ ಯಾರ್ಕ್‌ಷೈರಿನ ಆ ಹಳೇ ಗಿರಣಿ ಊರಿನಲ್ಲಿ ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಮೆಥಡಿಸ್ಟ್ ಚರ್ಚಿನ ಹಿಂದಿನ ತೋಟಕ್ಕೆ ಅವನೇ ಸರ್ವಾಧಿಕಾರಿ. ಅಲ್ಲಿ ಬೆಳೆದದ್ದೆಲ್ಲ ಗುರುವಾರ ಗುರುವಾರ ಚರ್ಚಿನ ಹಜಾರಕ್ಕೆ ಹೋಗಿ, ಊಟಕ್ಕೆ ಕಷ್ಟವಿದ್ದವರಿಗೆ ಪುಕ್ಕಟೆಯಾಗಿ ಹಂಚಿಕೆಯಾಗುತ್ತಿತ್ತು. "ಈ ಊರಿನ ಅರ್ಧ ಹೊಟ್ಟೆ ತುಂಬಿಸ್ತಿರೋನು ನಾನು" ಎಂದು ಅವನು ಹೇಳಿಕೊಳ್ಳುತ್ತಿದ್ದ. ಇನ್ನರ್ಧ ಯಾರು ತುಂಬಿಸುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ.

ಸೌತೆಕಾಯಿಯಂತೆ ಕಾಣುವ, ಸೋರೆ ಜಾತಿಯ ಹಿಂದಿನ ವರ್ಷದ ಜುಕಿನಿಯಿಂದ ಅವನೇ ಬೀಜ ತೆಗೆದು, ಒಣಗಿಸಿ, ಬಿತ್ತಿದ. ಬಳ್ಳಿಗಳು ಹಬ್ಬಿದ್ದೇ ಹಬ್ಬಿದ್ದು! ಕಾಯಿಗಳು ತೋಳಿನಷ್ಟು ದಪ್ಪ! ಮೊದಲ ಕೊಯ್ಲು ಗುರುವಾರ ಹಜಾರ ಸೇರಿತು. ಶುಕ್ರವಾರ ಮಧ್ಯಾಹ್ನ ಮೌರೀನ್ ಅದರದೇ ಸೂಪು ಮಾಡಿದಳು. ಒಂದು ಚಮಚ ಬಾಯಿಗಿಟ್ಟವಳೇ ಸಿಂಕಿಗೆ ಓಡಿ ಉಗಿದಳು.

"ಥೂ! ವಿಷ ಕಣೋ ಇದು!"

"ಕಹಿ ಇದ್ರೇನೇ ಮೈಗೆ ಒಳ್ಳೇದು" ಎಂದ ಡೆಸ್ಮಂಡ್. ನಾಲಿಗೆ ಬೇಡ ಬೇಡ ಎನ್ನುತ್ತಿತ್ತು, ಮರ್ಯಾದೆ ಬಿಡಲಿಲ್ಲ. ಬಟ್ಟಲು ಖಾಲಿ ಮಾಡಿದ. ಅವಳು ನೋಡುತ್ತಿದ್ದಳೆಂದು ಇನ್ನೊಂದು ಸೌಟು ಹಾಕಿಕೊಂಡ!

ಸ್ವಲ್ಪ ಹೊತ್ತಿಗೆ ಅವನ ಹೊಟ್ಟೆಯೊಳಗೆ ಹಳೇ ಡಬಲ್ ಡೆಕ್ಕರ್ ದಿಬ್ಬದಲ್ಲಿ ಗೇರು ಬದಲಿಸಿದ ಸದ್ದಾಯಿತು. ಆಮೇಲಿನದನ್ನು ಅವನು ಬಚ್ಚಲುಮನೆಯ ನೆಲದ ಮೇಲೆ ಮಲಗಿಕೊಂಡೇ ಅನುಭವಿಸಿದ. ಬಾಗಿಲಾಚೆ ನಿಂತು ಮೌರೀನ್ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು.

"ಹೋದ ವರ್ಷ ಸುಗ್ಗಿ ಹಬ್ಬದ ಅಲಂಕಾರಕ್ಕೆ ಅಂತ ಪಕ್ಕದಲ್ಲೇ ಬಣ್ಣದ ಕಹಿ ಸೋರೆ ಹಬ್ಬಿಸಿದ್ದೆಯಲ್ಲ, ಜೇನುಹುಳ ಅದರ ಪರಾಗಾನ ಜುಕಿನಿ ಹೂವಿಗೆ ತಂದು ಬೆರೆಸಿದೆ. ಆ ಬೀಜದಿಂದ ಬಂದ ಕಾಯಿ ನಿಜವಾಗ್ಲೂ ವಿಷ ಅಂತೆ, ಡೆಸ್ಮಂಡ್. ಮಕ್ಕಳು, ವಯಸ್ಸಾದೋರು ತಿಂದ್ರೆ..."

ನೆಲದ ಮೇಲಿದ್ದವನು ಎದ್ದು ಕೂತ. ನಿನ್ನೆ ಕೊಟ್ಟ ಕಾಯಿಗಳು!

ಮೌರೀನ್ ಫೋನು ಮಾಡಿದ್ದೇ ಚರ್ಚಿನ ಪಾದ್ರಿಯಮ್ಮ ಇಮೋಜೆನ್ ತಮ್ಮ ಪುಟ್ಟ ಕಾರು ತಂದರು. ಹಂಚಿದ ಕೈ ಅವರದೇ ಆದ್ದರಿಂದ ಯಾರ್ಯಾರಿಗೆ ಕೊಟ್ಟದ್ದೆಂದು ಅವರಿಗೆ ನೆನಪಿತ್ತು. ಡೆಸ್ಮಂಡ್ ಎರಡು ಬಕೆಟ್ಟು ಹಿಡಿದು ಹತ್ತಿದ.

"ಎರಡ್ಯಾಕೆ?"

"ಒಂದು ಕಾಯಿಗೆ, ಪಾದ್ರಿಯಮ್ಮ. ಒಂದು ನನಗೆ."

ಮೊದಲ ಮನೆಯ ಮುದುಕ ನಕ್ಕುಬಿಟ್ಟ. "ಜುಕಿನೀನಾ? ಅದನ್ನ ಗೊಬ್ಬರದ ಗುಂಡಿಗೆ ಹಾಕ್ದೆ. ಬೇಜಾರು ಮಾಡ್ಕೋಬೇಡಪ್ಪ, ನಿನ್ನ ತೋಟದ್ದು ಏನೇ ಬಂದ್ರೂ ನಾನು ಅಲ್ಲಿಗೇ ಹಾಕೋದು!" ಬೇರೆ ದಿನವಾಗಿದ್ದರೆ ಡೆಸ್ಮಂಡ್ ಒಂದು ವಾರ ಮುನಿಸಿಕೊಳ್ಳುತ್ತಿದ್ದ. ಇವತ್ತು ಮುದುಕನ ಕೈ ಹಿಡಿದು ಕುಲುಕಿದ. ಮುಂದಿನ ಮನೆಯವರು ನಾಯಿಗೆ ಆಡಲು ಎಸೆದಿದ್ದರು. ನಾಯಿಯೂ ಕಚ್ಚಿ ನೋಡಿ ಬಿಟ್ಟಿತ್ತು. ಹೀಗೆ ಮನೆಯಿಂದ ಮನೆಗೆ ಒಂದು ಬಕೆಟ್ಟು ತುಂಬುತ್ತ ಬಂತು. ಇನ್ನೊಂದರ ಮಾತು ಬೇಡ.

ವಿಧವೆ ಎಡ್ನಾಳ ಮನೆಯಲ್ಲಿ ನಗು ನಿಂತುಹೋಯಿತು. ಬಾಗಿಲು ತೆರೆದೇ ಇತ್ತು. ಮುದುಕಿ ಸೋಫಾದ ಮೇಲೆ ಸುಣ್ಣದಂತೆ ಬಿಳಿಚಿಕೊಂಡು ಮಲಗಿದ್ದಳು.

"ಕಹಿ ಇತ್ತಲ್ಲಮ್ಮ, ಯಾಕೆ ತಿಂದ್ರಿ?" ಅವಳ ಪಕ್ಕದಲ್ಲಿ ಕುಸಿದು ಕೂತು ಡೆಸ್ಮಂಡ್ ಕೇಳಿದ.

"ನೀವು ಅಷ್ಟು ಕಷ್ಟಪಟ್ಟು ಬೆಳೆದು ಕೊಟ್ಟಿದ್ದೀರಿ. ಬಿಸಾಡೋಕೆ ಮನಸ್ಸು ಬರಲಿಲ್ಲಪ್ಪ."

ಪಾದ್ರಿಯಮ್ಮ ಕರೆಸಿದ ಆಂಬುಲೆನ್ಸಿನವರು ಅವಳನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ದರು. ಅವಳು ಬದುಕಿಕೊಂಡಳು, ಎರಡು ದಿನದಲ್ಲಿ ಮನೆಗೂ ಬಂದಳು. ಆದರೆ ಅದು ಆಗ ಡೆಸ್ಮಂಡನಿಗೆ ಗೊತ್ತಿರಲಿಲ್ಲ. ಅವನು ಕಾರು ಹತ್ತಿದ. "ಪ್ರಾರ್ಥನೆ ಮಾಡೋಣ್ವಾ?" ಎಂದರು ಪಾದ್ರಿಯಮ್ಮ. "ಮೊದಲು ಗಾಡಿ ಓಡ್ಸಿ" ಎಂದ.

ಕೊನೆಯದು ಲಿಯಾನ್ ಎಂಬ ಹೆಂಗಸಿನ ಮನೆ, ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಒಬ್ಬಳೇ ತಾಯಿ, ಮೂರು ಪುಟ್ಟ ಮಕ್ಕಳು. ಬಡಿದರೂ ಬಾಗಿಲು ತೆರೆಯಲಿಲ್ಲ. ಒಳಗೆ ಸದ್ದಿಲ್ಲ. ಡೆಸ್ಮಂಡ್ ಎರಡೂ ಕೈಯಲ್ಲಿ ಬಾಗಿಲು ಗುದ್ದಿದ.

"ಯಾರ್ರೀ ಅದು? ಮಕ್ಕಳು ಈಗಷ್ಟೇ ಮಲಗಿವೆ!"

ಬಾಗಿಲು ತೆರೆಯಿತು. ಲಿಯಾನಳ ಹಿಂದೆ, ಕಣ್ಣುಜ್ಜಿಕೊಳ್ಳುತ್ತ ಮೂರೂ ಮಕ್ಕಳು. ನೆಟ್ಟಗೆ ನಿಂತಿದ್ದವು! ಡೆಸ್ಮಂಡನಿಗೆ ಅಳು ಬಂತು.

"ಜುಕಿನಿ... ತಿಂದ್ರಾ?"

"ಬೇಯಿಸೋಕೆ ಗ್ಯಾಸ್ ಎಲ್ಲಿದೆ? ದುಡ್ಡು ಹಾಕಿದಷ್ಟೇ ಗ್ಯಾಸ್ ಬಿಡೋ ಮೀಟರು, ಸೋಮವಾರಾನೇ ಖಾಲಿ. ಹಸೀನೇ ಕೊಡೋಣ ಅಂತ ಮೊದಲು ನಾನು ಒಂದು ತುಂಡು ಕಚ್ಚಿದೆ. ಉಗಿದು, ಎತ್ತಿಟ್ಟೆ."

"ಮತ್ತೆ ನಮಗೆ ಯಾಕಮ್ಮ ಹೇಳಲಿಲ್ಲ?" ಎಂದರು ಪಾದ್ರಿಯಮ್ಮ.

ಲಿಯಾನ್ ಭುಜ ಕುಣಿಸಿದಳು. "ಪುಕ್ಕಟೆ ಕೊಡೋದು ಹೀಗೇ ಇರುತ್ತೇನೋ ಅಂದ್ಕೊಂಡೆ."

ಊರಿನ ಅರ್ಧ ಹೊಟ್ಟೆ ತುಂಬಿಸುವವನು ಕಾಯಿಗಳನ್ನು ಬಕೆಟ್ಟಿಗೆ ಹಾಕಿಕೊಂಡ. ಮೆಟ್ಟಿಲಿಳಿದು ಮೂಲೆಯಂಗಡಿಗೆ ಹೋಗಿ ಬ್ರೆಡ್ಡು, ಚೀಸು, ಹಾಲು, ಒಂದು ಚಿಪ್ಪು ಬಾಳೆಹಣ್ಣು ತಂದ. ಮತ್ತೆ ಅಷ್ಟೂ ಮಹಡಿ ಹತ್ತಿ, ಏದುಸಿರು ಬಿಡುತ್ತ ಚೀಲ ಚಾಚಿದ.

ಚಿಕ್ಕ ಮಗು ಬಾಳೆಹಣ್ಣಿಗೆ ಕೈ ಹಾಕಿತು. ಲಿಯಾನ್ ಆ ಕೈಯನ್ನು ಮೆಲ್ಲಗೆ ಸರಿಸಿದಳು. ಒಂದು ಹಣ್ಣು ಕಿತ್ತು, ಸಿಪ್ಪೆ ಸುಲಿದು, ಡೆಸ್ಮಂಡನ ಮುಖದ ಮುಂದೆ ಹಿಡಿದಳು.

"ಮೊದಲು ನೀವು ತಿನ್ನಿ."

ಹೊಟ್ಟೆಯೊಳಗಿನ ಬಸ್ಸು ಇನ್ನೂ ನಿಂತಿರಲಿಲ್ಲ. ಆದರೂ ಡೆಸ್ಮಂಡ್ ಹೊಸಿಲಾಚೆ ನಿಂತು, ಮೂರು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿರಲು, ಇಡೀ ಹಣ್ಣನ್ನು ಕೊನೇ ತುಣುಕಿನವರೆಗೂ ತಿಂದ. ಆಮೇಲೆ, ನುಂಗಿದ್ದು ನಿಜವೆಂದು ತೋರಿಸಲು, ಬಾಯಿಯನ್ನೂ ತೆರೆದ.